ಬರ್ತೀನಿ ಅನ್ನದವನು

"ಹೋಗ್ತೀನಿ ಅನ್ನೋ ಮಾತನ್ನ ಮಗು ಮುಂದೆ ಎತ್ತಲೇಬೇಡ ಕಣೆ ರಮಾ. ನಾನು ಹಿತ್ತಲಲ್ಲಿ ಎಮ್ಮೆ ತೋರಿಸ್ತಾ ನಿಂತಿರ್ತೀನಿ, ನೀವಿಬ್ಬರೂ ಮುಂಬಾಗಿಲಿಂದ ಮೆತ್ತಗೆ ಜಾರಿಕೊಂಡುಬಿಡಿ."

ಸೂರತ್ತಿನ ತನ್ನ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತು ತೊಂಡೆಕಾಯಿ ಹೆಚ್ಚುತ್ತಾ ಸುಮಿತ್ರಾ ಹೇಳಿದಳು. ರಮಾಮಣಿಗೆ ಈಕೆ ಗಂಡನ ಅಕ್ಕ. ಬಾಯಿ ಜೋರು, ಮನಸ್ಸು ಒಳ್ಳೆಯದು. ವಿಮಾ ಕಚೇರಿಯಲ್ಲಿರುವ ಗಂಡ, ಹಾಸಿಗೆ ಹಿಡಿದ ಮಾವ, ಇವರನ್ನು ಬಿಟ್ಟು ಆಕೆ ಕದಲುವ ಹಾಗಿರಲಿಲ್ಲ. ಅದಕ್ಕೇ ಬರೋಡಾದಿಂದ ಮಗುವನ್ನೇ ಇಲ್ಲಿಗೆ ಕರೆತಂದದ್ದು. ರಮಾಮಣಿಯ ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಕಲೆ ಕಂಡಿತ್ತು. ಆರೇಳು ತಿಂಗಳಾದರೂ ಸ್ಯಾನಟೋರಿಯಂನಲ್ಲಿ ಇರಬೇಕು, ಅಲ್ಲಿಯವರೆಗೆ ಮಗುವನ್ನು ಮುಖದ ಹತ್ತಿರ ತರಬೇಡಿ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಎರಡೂವರೆ ವರ್ಷದ ಮೀರಾಳಿಗೆ ಇದೆಲ್ಲ ಏನು ಅರ್ಥವಾಗಬೇಕು? ಅಮ್ಮ ಮುತ್ತು ಕೊಡುವುದನ್ನು ಯಾಕೆ ನಿಲ್ಲಿಸಿದಳು ಎಂದು ಕೆನ್ನೆ ಒಡ್ಡಿ ಒಡ್ಡಿ ನೋಡುತ್ತಿದ್ದಳು.

ಬಿಡುವುದಂತೂ ತಪ್ಪುವುದಿಲ್ಲ. ಆದರೆ ಕದ್ದು ಹೋಗುವುದೇ? ರಮಾಮಣಿಗೆ ಅದು ಒಪ್ಪಿಗೆಯಾಗಲಿಲ್ಲ. ಹೇಳಿಯೇ ಹೋಗುತ್ತೇನೆ ಅತ್ತಿಗೆ, ಅತ್ತರೆ ಅಳಲಿ ಎಂದಳು.

ಸುಮಿತ್ರಾ ನಕ್ಕಳು. "ನಿನ್ನ ಗಂಡನನ್ನ ಕೇಳು. ಅವನನ್ನೂ ಹೀಗೇ ಬಿಟ್ಟು ಹೋದದ್ದು."

ಆಮೇಲೆ ಕಥೆ ಹೇಳಿದಳು. ಹೇಳಿದ್ದು ನಗುನಗುತ್ತಲೇ. ಬಾಲು ಆದಮೇಲಿನ ಹೆರಿಗೆಯಲ್ಲಿ ಅಮ್ಮನಿಗೆ ಬಾಣಂತಿಸನ್ನಿಯಾಗಿ, ಔಷಧಕ್ಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸಾಗಿಸಿದ ದಿನ ಬಾಲು ಇನ್ನೂ ಮೂರು ತುಂಬದ ಕೂಸು. ಅಜ್ಜಿ ಅಮ್ಮನ ಒದ್ದೆ ಸೀರೆಯನ್ನು ಹಿತ್ತಲ ಹಗ್ಗಕ್ಕೆ ಹರವಿ, ನೋಡು, ಅಮ್ಮ ಇಲ್ಲೇ ಇದಾಳೆ, ಸ್ನಾನಕ್ಕೆ ಹೋಗಿದಾಳೆ ಅಂದರಂತೆ. ಅವನು ಸೆರಗಿನ ತುದಿ ಹಿಡಿದು ಕೆಳಗೇ ಕೂತ. ಸೀರೆ ಒಣಗಿತು, ಸಂಜೆಯಾಯಿತು, ಏಳಲಿಲ್ಲ. ಮಾರನೆಯ ದಿನವೂ ಆ ಸೀರೆಯನ್ನು ತೆಗೆಯಲು ಬಿಡಲಿಲ್ಲ.

"ಆಮೇಲೆ ಒಂದು ದಿನ ತಾನಾಗಿ ಎದ್ದ, ಮತ್ತೆ ಕೇಳಲೇ ಇಲ್ಲ, ಅಷ್ಟು ಜಾಣ. ಎರಡು ವರ್ಷಕ್ಕೆ ಅಮ್ಮ ವಾಸಿಯಾಗಿ ಬಂದು ಕೈ ಚಾಚಿದರೆ, ಮಹರಾಯ, ಯಾರೋ ನೆಂಟರು ಅನ್ನೋ ಹಾಗೆ ನೀರು ತಂದುಕೊಟ್ಟ."

ರಮಾಮಣಿಗೆ ನಗು ಬರಲಿಲ್ಲ. ಮದುವೆಯಾದಂದಿನಿಂದ ಅವಳೂ ಆ ನೀರನ್ನೇ ಕುಡಿಯುತ್ತಿದ್ದಳು. ಬರೋಡಾ ಪಕ್ಕದ ಕೊಯಾಲಿಯ ತೈಲ ರಿಫೈನರಿಯಲ್ಲಿ ಇಂಜಿನಿಯರ್ ಆಗಿದ್ದ ಬಾಲಕೃಷ್ಣ ಶಿಫ್ಟಿಗೆ ಹೊರಡುವಾಗ ಒಮ್ಮೆಯೂ ಬರ್ತೀನಿ ಎಂದವನಲ್ಲ. ಮಾತಾಡುತ್ತಾ ಒಗ್ಗರಣೆ ಹಾಕಿ ತಿರುಗಿದರೆ ಮನುಷ್ಯ ಇರುತ್ತಿರಲಿಲ್ಲ. ಅವಳು ತವರಿಗೆ ಹೋಗುವುದು ಗೊತ್ತಾದರೆ ವಾರ ಮೊದಲೇ ಮಾತು ನಿಲ್ಲಿಸುತ್ತಿದ್ದ. ತಿರುಗಿ ಬಂದರೆ ಪ್ರಯಾಣ ಚೆನ್ನಾಗಿತ್ತಾ ಎಂದು ಕೇಳಿ ಪೇಪರ್ ಬಿಡಿಸುತ್ತಿದ್ದ. ಜಂಬ ಅಂದುಕೊಂಡಿದ್ದಳು. ಬೇರೆ ಹೆಂಗಸೇನೋ ಎಂದೂ ಒಂದು ಕಾಲಕ್ಕೆ ಅಂದುಕೊಂಡಿದ್ದಳು.

ಹಜಾರದಲ್ಲಿ ಅವನು ಉಯ್ಯಾಲೆಮಣೆಯ ಮೇಲೆ ಕೂತಿದ್ದ. ಮೀರಾ ಅವನ ಕಾಲ ಬಳಿ ನೆಲದ ಮೇಲೆ ಚಮಚ ಬಡಿಯುತ್ತಿದ್ದಳು.

"ಹೇಳಬೇಡ," ಎಂದ ಅವನು ಮೆಲ್ಲಗೆ. "ಮಕ್ಕಳು ಮರೀತಾವೆ."

"ನೀವು ಮರೆತಿರಾ?"

"ಏನನ್ನ?"

ಅವಳು ಅವನ ಮುಖ ನೋಡಿದಳು. ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ.

ಊಟ ಮುಗಿಯಿತು. ಬೀದಿಯ ತಿರುವಿನಾಚೆ ಜಟಕಾ ಬಂದು ನಿಂತಿತು. ರಮಾಮಣಿ ಮಗುವನ್ನು ಮುಂಬಾಗಿಲ ಬಳಿ ಕರೆದು ಎದುರು ಕೂತಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅಮ್ಮನಿಗೆ ಎದೆಯಲ್ಲಿ ಉವ್ವಾ ಆಗಿದೆ, ಡಾಕ್ಟರ ಹತ್ತಿರ ಹೋಗಬೇಕು, ತುಂಬಾ ದಿನ ಆಗತ್ತೆ, ಅಲ್ಲಿವರೆಗೂ ಅತ್ತೆ ಮನೇಲಿ ಇರಬೇಕು, ವಾಸಿಯಾದ ಮೇಲೆ ಖಂಡಿತ ಬಂದು ಕರಕೊಂಡು ಹೋಗ್ತೀನಿ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅಪ್ಪನೂ ಹೇಳ್ತಾರೆ ನೋಡು ಎಂದು ತಿರುಗಿದಳು.

ಉಯ್ಯಾಲೆ ಬರಿದಾಗಿ ತೂಗುತ್ತಿತ್ತು. ಹಿತ್ತಲ ಬಾಗಿಲು ತೆರೆದಿತ್ತು.

ಮೀರಾಳಿಗೆ ಎಲ್ಲ ಅರ್ಥವಾಗದಿದ್ದರೂ ಹೋಗುವ ಸಂಗತಿ ಅರ್ಥವಾಯಿತು. ಕಿರುಚಿ ಕುತ್ತಿಗೆಗೆ ಜೋತುಬಿದ್ದಳು. ರಮಾಮಣಿ ಮುಖವನ್ನು ಅತ್ತ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು, ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಕ್ಕಪಕ್ಕದ ಜಗಲಿಗಳ ಹೆಂಗಸರು ಎದ್ದು ನಿಂತು ನೋಡಿದರು. ಸುಮಿತ್ರಾಳೂ ಈಗ ನಗುತ್ತಿರಲಿಲ್ಲ.

ಅಷ್ಟರಲ್ಲಿ ಮಗುವಿನ ಅಳು ತಟ್ಟನೆ ನಿಂತಿತು. ಹೊಸ್ತಿಲಾಚೆ ಬಾಲಕೃಷ್ಣನ ಚಪ್ಪಲಿ ಇತ್ತು.

"ಅಪ್ಪ ಇದಾರೆ," ಎಂದು ಮೀರಾ ಒಂದು ಚಪ್ಪಲಿಯನ್ನು ಎದೆಗವಚಿಕೊಂಡು, ಕರೆಯುತ್ತಾ ಒಳಗೆ ಓಡಿದಳು.

ಈಗ ಹೊರಡು, ಈಗಲೇ ಹೊರಡು ಎಂದು ಸುಮಿತ್ರಾ ಬೆನ್ನಿಗೆ ಕೈಕೊಟ್ಟು ನೂಕಿದಳು. ಹಾಗೆ ಹೋಗಬಾರದು, ಮಗುವನ್ನು ಕರೆದು ಅಪ್ಪನೂ ಒಳಗಿಲ್ಲ ಎಂದು ಹೇಳಬೇಕಿತ್ತು. ರಮಾಮಣಿಗೆ ಅದು ಗೊತ್ತಿತ್ತು. ಆ ಬೆರಳುಗಳನ್ನು ಇನ್ನೊಮ್ಮೆ ಬಿಡಿಸುವ ಶಕ್ತಿ ಮಾತ್ರ ಇರಲಿಲ್ಲ. ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡು ಬೀದಿಗಿಳಿದಳು.

ಮೇ ತಿಂಗಳ ಬಿಸಿಲು. ಜಟಕಾದ ನೆರಳಿನಲ್ಲಿ ಬಾಲಕೃಷ್ಣ ಬರಿಗಾಲಲ್ಲಿ ನಿಂತಿದ್ದ.

"ಅತ್ತಳಾ?"

"ಅತ್ತಳು. ಆಮೇಲೆ ನಿಮ್ಮ ಚಪ್ಪಲಿ ನೋಡಿ ಸುಮ್ಮನಾದಳು. ಒಳಗೆ ನಿಮ್ಮನ್ನ ಹುಡುಕ್ತಿದಾಳೆ."

ಅವನು ತನ್ನ ಪಾದ ನೋಡಿಕೊಂಡ, ಆಗಷ್ಟೇ ಗೊತ್ತಾದವನ ಹಾಗೆ.

"ಹೋಗಿ ಒಂದು ಮಾತು ಹೇಳಿ ಬನ್ನಿ. ಬರ್ತೀನಿ ಪುಟ್ಟಿ ಅಂತ. ಅಷ್ಟೇ ಸಾಕು. ಟ್ರೈನಿಗೆ ಹೊತ್ತಿದೆ. ನಿಮಗೆ ಯಾರೂ ಹೇಳಲಿಲ್ಲ, ನೀವಾದರೂ ಅವಳಿಗೆ ಹೇಳಿ."

"ಹೂಂ," ಎಂದ.

ನಡೆದ. ಮನೆ ಕಾಣುವ ತಿರುವಿನವರೆಗೂ ಹೋಗಿ ನಿಂತ. ಕಾದ ನೆಲದ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಊರುತ್ತಾ, ಅತ್ತಲೇ ನೋಡುತ್ತಾ ನಿಂತೇ ಇದ್ದ. ಅಷ್ಟು ದೂರಕ್ಕೂ ಮಗು ಕರೆಯುವುದು ಕೇಳುತ್ತಿತ್ತು, ಅಳುವಿನ ದನಿಯಲ್ಲಲ್ಲ, ಕಣ್ಣಾಮುಚ್ಚಾಲೆ ಆಡುವ ದನಿಯಲ್ಲಿ.

ಅವನು ತಿರುಗಿ ಬಂದ. ರಮಾಮಣಿ ಅಷ್ಟರಲ್ಲಿ ಗಾಡಿ ಹತ್ತಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. ಅವನು ಅವಳ ಕಡೆ ನೋಡದೆ ಮುಂದಕ್ಕೆ ಹೋಗಿ, ಗಾಡಿಯವನ ಪಕ್ಕದಲ್ಲಿ ಹತ್ತಿ ಕೂತ.