ತೆಂಗಿನಕಾಯಿಯ ಮೂರು ಕಣ್ಣು

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರಾದ ಜ್ಞಾನರಾಜಣ್ಣ ನನ್ನನ್ನು ನಿಲ್ಲಿಸಿಕೊಂಡರು. ಪಕ್ಕದಲ್ಲೇ ಪಾದ್ರಿಗಳು ಕುಳಿತಿದ್ದರು. ನಮ್ಮ ಪುಟ್ಟ ಚರ್ಚಿನಲ್ಲಿ ಭಾನುವಾರದ ಮಕ್ಕಳ ತರಗತಿ ನನ್ನದು. ನಾಲ್ಕು ಜನರೆದುರು ಬಾಯಿಬಿಡದ ನಾನು ಧೈರ್ಯವಾಗಿ ಮಾತಾಡುವುದು ಅಲ್ಲಿ ಮಾತ್ರ.

ಹಿಂದಿನ ವಾರ ಜ್ಞಾನರಾಜಣ್ಣ ಮಕ್ಕಳಿಗೆ ತೆಂಗಿನಕಾಯಿ ತೋರಿಸಿ, "ಮೂರು ಕಣ್ಣಲ್ಲಿ ಒಂದೇ ಮೆತ್ತಗೈತೆ. ಮೊಳಕೆ ಬರಲಿ ಅಂತ ದೇವರು ಆದಿಯಲ್ಲೇ ಹಂಗೆ ಮಾಡವ್ನೆ" ಎಂದಿದ್ದರು. ಅವರು ಹೋದ ಮೇಲೆ ನಾನು, ಬಹಳ ಹಿಂದೆ ಮೂರು ಕಣ್ಣಿಗೂ ಒಂದೊಂದು ಬೀಜವಿದ್ದಿರಬೇಕು, ಬರುಬರುತ್ತಾ ಎರಡು ಮುಚ್ಚಿಹೋದವು ಎಂದಿದ್ದೆ. ಅದು ಮಕ್ಕಳ ಬಾಯಿಂದ ಅವರ ಕಿವಿಗೆ ಬಿದ್ದಿತ್ತು.

"ಬಿಎಸ್ಸಿ ಓದಿ ಮಂಗನ ಮೊಮ್ಮಗಳಾದ್ಯೇನವ್ವಾ?" ಎಂದರು. "ತಪ್ಪಾಯ್ತು ಅಂತ ಮಕ್ಕಳ ಮುಂದೆ ಹೇಳು. ಇಲ್ಲಾಂದ್ರೆ ಕ್ಲಾಸ್ ಬುಡು."

ಅವರ ಕಸುಬೇ ತೆಂಗಿನ ಸಸಿ ಬೆಳೆಸುವುದು ಎಂಬುದು ಆಗ ನೆನಪಾಯಿತು.

"ಅಣ್ಣಾ, ನಿಮ್ಮ ಪಾತೀಲಿ ಒಂದೇ ಕಾಯಿಗೆ ಎರಡು ಕಣ್ಣಿಂದ ಎರಡು ಮೊಳಕೆ ಬಂದಿದ್ದೇ ಇಲ್ವಾ?"

ಅವರು ಮೇಜಿನ ಮೇಲಿದ್ದ ಬೈಬಲ್ಲಿನ ಮೇಲೆ ಕೈಯಿಟ್ಟರು.

"ಬಂದೈತೆ," ಎಂದರು. "ಹೋದ್ ವರ್ಷಾನೂ ಒಂದು ಬಂದಿತ್ತು. ಯಾರೂ ಕೊಳ್ಳಲ್ಲ ಅಂತ ಕಿತ್ತೆಸೆದೆ."

"ಮುಚ್ಚಿದ ಕಣ್ಣು ಹಿಂದೊಮ್ಮೆ ತೆರೆದಿತ್ತು ಅನ್ನೋಕೆ ಅದೇ ಗುರುತು ಅಣ್ಣಾ. ಮುಚ್ಚಿದವನೂ ದೇವರೇ ಅಂತ ನಾನು ನಂಬ್ತೀನಿ."

ಪಾದ್ರಿಗಳು ಕೆಮ್ಮಿದರು. ಜ್ಞಾನರಾಜಣ್ಣ ಹಾಜರಿ ಪುಸ್ತಕವನ್ನು ನನ್ನತ್ತ ತಳ್ಳಿದರು.

"ಕ್ಲಾಸ್ ನೀನೇ ತಗೋ. ಆದ್ರೆ ಇನ್ಮೇಲೆ ನಾನೂ ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ದೇವರನ್ನ ಬುಟ್ಟು ಮಾತಾಡಿದ್ಯೋ, ಎದ್ದು ನಿಲ್ತೀನಿ ಕಣವ್ವಾ."