ನಾಲ್ಕು ವರ್ಷದ ಜ್ವರ

“ಇನ್ನೊಂದ್ಸಲ ಹೇಳೋ ಬೋಳಿಮಗನೇ! ದಂಗೆ ಹೊತ್ನಲ್ಲಿ ನಾನೆಲ್ಲಿದ್ದೆ?”

“ಮನೇಲಿದ್ರಿ, ಬುದ್ಧೀ.”

“ಯಾಕೆ?”

“ಜ್ವರ, ಬುದ್ಧೀ.”

“ಎಷ್ಟ್ ದಿನ?”

“ನಾಕ್ ವರ್ಷ, ಬುದ್ಧೀ.”

ಹಿಂದೆ ಗುಲಾಮನಾಗಿದ್ದು ಈಗ ಪಾಲಿಗೆ ಹೊಲ ಮಾಡುತ್ತಿದ್ದ ಆಬ್ರಮ್ ಮಂಡಿಯೂರಿ ಕರ್ನಲ್ ಬ್ಯಾಸೆಟ್‌ನ ಎಡಗಾಲಿನ ಬೂಟು ಎಳೆಯುತ್ತಿದ್ದ. ದಕ್ಷಿಣದ ರಾಜ್ಯಗಳು ದಂಗೆಯೆದ್ದು ನಾಲ್ಕು ವರ್ಷ ನಡೆಸಿದ ಯುದ್ಧದಲ್ಲಿ ಗುಂಡು ಹೊಕ್ಕ ಕಾಲು ಅದು. ಮಿಸಿಸಿಪ್ಪಿಯ ಆ ಸೀಮೆಯಲ್ಲಿ ಊಟಕ್ಕೆ ಬಂದವರಿಗೆಲ್ಲ ಕರ್ನಲ್ ಅದನ್ನು ಬಿಚ್ಚಿ ತೋರಿಸಿದ್ದ. ಈಗ ಮಾತ್ರ ಅದು ಗುಂಡೇಟೇ ಅಲ್ಲ. ಅವನು ಸೀಮೆಯ ಪೊಲೀಸು ಮುಖ್ಯಸ್ಥನಾಗಲು, ಶೆರಿಫ್ ಚುನಾವಣೆಗೆ ನಿಂತಿದ್ದ. ದೇಶಕ್ಕೆ ನಿಷ್ಠನಾಗಿರುತ್ತೇನೆಂದು ಶಾಸನಸಭೆಯಲ್ಲಿ ಪ್ರಮಾಣ ಮಾಡಿ, ಆಮೇಲೆ ಅದೇ ದೇಶದ ಮೇಲೆ ಕತ್ತಿ ಹಿರಿದವನು ಅಧಿಕಾರಕ್ಕೆ ಬರುವಂತಿಲ್ಲವೆಂದು ಹೊಸ ಕಾನೂನು. ಹಿಂದೆ ಶಾಸಕನಾಗಿ ಆ ಪ್ರಮಾಣ ಮಾಡಿದ್ದ ಕರ್ನಲ್ ಮೇಲೆ ಯಾರೋ ತಕರಾರು ಹಾಕಿದ್ದರು.

“ಕರಿಯನ ಬಾಯಲ್ಲೇ ಹೇಳಿಸಿದ್ರೆ ಯಾವನೂ ಉಸಿರೆತ್ತಲ್ಲ. ನಾಲಿಗೆ ಜಾರ್ತೋ, ಹತ್ತಿ ಬಿಡಿಸೋಕ್ ಮುಂಚೆ ಗುಡಿಸಲು ಖಾಲಿ!”

ಅರಳಿ ನಿಂತ ಆ ಹತ್ತಿಯಲ್ಲಿ ಅರ್ಧ ಆಬ್ರಮ್‌ನ ಪಾಲು. ಬಿಡಿಸದಿದ್ದರೆ ಚಳಿಗಾಲಕ್ಕೆ ಒಲೆಯೇ ಇಲ್ಲ.

ರಾತ್ರಿ ಗುಡಿಸಲಲ್ಲಿ ಹೆಂಡತಿ ತಾಮಾರ್ ಇದನ್ನು ಕೇಳಿ ನಕ್ಕಳು. “ಅವ್ನು ಶೆರಿಫ್ ಆದ್ಮೇಲೆ ಪಾಲು ಕೊಡ್ಲಿಲ್ಲ ಅಂತ ಯಾರ್ ಹತ್ರ ದೂರ್ ಕೊಡ್ತೀಯ? ಅವ್ನ್ ಹತ್ರಾನೇ?”



ವಿಚಾರಣೆಯ ದಿನ ಕರ್ನಲ್‌ನ ಹಳೆಯ ಸೈನಿಕರೇ ಸಭಾಂಗಣ ತುಂಬಿದ್ದರು. ಅವನ ವಕೀಲ ಎದ್ದು, “ದಂಗೆ ಅನ್ನೋದು ಬರೀ ಆಪಾದನೆ, ಸ್ವಾಮಿ. ನಡೆದದ್ದು ಸ್ವಲ್ಪ ಮನಸ್ತಾಪ,” ಎಂದ.

ವಿಚಾರಣೆಗೆ ಬಂದಿದ್ದ ಸರ್ಕಾರದ ಅಧಿಕಾರಿ ಆಬ್ರಮ್‌ನತ್ತ ತಿರುಗಿದ. ಮನೆ, ಜ್ವರ, ನಾಲ್ಕು ವರ್ಷ: ಒಂದಕ್ಷರ ತಪ್ಪದೆ ಆಬ್ರಮ್ ಒಪ್ಪಿಸಿದ.

“ಮತ್ತೆ ಕರ್ನಲ್‌ಗೆ ಆ ಕುಂಟು ಯಾಕೆ?”

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಬ್ರಮ್ ಹ್ಯಾಟನ್ನು ಎದೆಗೊತ್ತಿಕೊಂಡ.

“ದೂರದಲ್ಲಿ ಫಿರಂಗಿ ಸದ್ದಾಯ್ತು ಬುದ್ಧೀ. ದಣಿಗಳು ಕೋಳಿಗೂಡಿಗೆ ನುಗ್ಗಿದ್ರು. ಅದ್ರ ಬಾಗ್ಲು ಕಾಲ್ ಮೇಲೆ ಬಿತ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕರ್ನಲ್‌ನ ಕಿವಿ ಕೆಂಪಾಯಿತು.

“ಅಷ್ಟೊಂದು ಹೆದರಿಕೆಯೇ?”

“ಬಲು ಸಾಧು ಜೀವ ಬುದ್ಧೀ. ಸೈನ್ಯಕ್ಕೆ ಸೇರಿಸ್ಕೊಳ್ಳೋಕೆ ಬಂದ್ರೆ ದಣಿಗಳು ನನ್ ಹೆಂಡ್ತಿ ಲಂಗ ಉಟ್ಕೊಂಡು ಮೂಲೇಲಿ ಹಿಟ್ಟು ಕುಟ್ತಾ ಕೂರೋರು. ಅಳೋರು ಪಾಪ. ನಾನೇ ಮೂಗು ಒರೆಸ್ತಿದ್ದೆ.”

ಸಭಾಂಗಣವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಸುಳ್ಳು!” ವಕೀಲ ಕೋಟು ಹಿಡಿದೆಳೆದರೂ ಕರ್ನಲ್ ಕೊಡವಿಕೊಂಡು ಎದ್ದ. “ಮೂರು ಫಿರಂಗಿ ವಶ ಮಾಡ್ಕೊಂಡೋನು ಕಣ್ರೋ ನಾನು! ಹನ್ನೊಂದು ಜನಾನ ಈ ಕೈಯಲ್ಲೇ ತಿವಿದಿದ್ದೀನಿ! ನನ್ ಕುದುರೆ ಹಿಡ್ಕೊಂಡು ನಿಂತಿದ್ದೋನು ಇದೇ ಸೂಳೇಮಗ!”

ನಗು ನಿಂತಿತು. ಗುಮಾಸ್ತನ ಲೇಖನಿ ಮಾತ್ರ ಕರಕರ ಓಡುತ್ತಿತ್ತು.

“ಹಂಗಾರೆ ಅವತ್ತು ಜ್ವರ ಬಿಟ್ಟಿತ್ತೇನೋ ಬುದ್ಧೀ,” ಎಂದ ಆಬ್ರಮ್.

ಚುನಾವಣೆಯ ಪಟ್ಟಿಯಿಂದ ಕರ್ನಲ್‌ನ ಹೆಸರು ಹೊಡೆದುಹಾಕಿ, ಅಧಿಕಾರಿ ಕೈಗವಸು ತೊಟ್ಟು ಗಾಡಿ ಹತ್ತಿದ. ಊಟದ ಹೊತ್ತಾಗಿತ್ತು. ಆಬ್ರಮ್ ಹೊಲದ ಅಡ್ಡದಾರಿಯಲ್ಲಿ ಓಡುತ್ತಲೇ ಮನೆಗೆ ಬಂದ.

“ಏನಂದೆ?” ಎಂದಳು ತಾಮಾರ್.

“ಅವ್ನು ಹೇಳ್ಕೊಟ್ಟಿದ್ನೇ ಅಂದೆ. ಸ್ವಲ್ಪ ಉಪ್ಪು ಖಾರ ಹಾಕ್ದೆ.”

ಅವಳು ಎರಡು ಗೋಣಿಚೀಲ ತಂದು ಒಂದನ್ನು ಅವನ ಹೆಗಲಿಗೆ ಹಾಕಿದಳು. ಕರ್ನಲ್‌ನ ದೊಡ್ಡಮನೆಯ ದಾರಿಯಲ್ಲಿ ಆಗಲೇ ಧೂಳು ಎದ್ದಿತ್ತು, ಗುಡಿಸಲಿನತ್ತಲೇ ಬರುತ್ತಿದ್ದ ಐದಾರು ಕುದುರೆಗಳ ಧೂಳು. ಇಬ್ಬರೂ ಅತ್ತ ಬೆನ್ನು ಹಾಕಿ, ತಮ್ಮ ಪಾಲಿನ ಸಾಲಿಗಿಳಿದು ಹತ್ತಿ ಬಿಡಿಸತೊಡಗಿದರು.