ಜೋರಿಯ ಎರಡು ಆಟ

ದೊಡ್ಡ ಲೀಗಿನ ಫುಟ್ಟಿ ಕ್ಲಬ್ಬುಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಆ ಸಂಜೆ ನಮ್ಮ ವಾಲರೂ ಊರಿನ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಫುಟ್ಟಿ ಎಂದರೆ ಚೆಂಡನ್ನು ಕೈಯಲ್ಲೂ ಹಿಡಿದು ಆಡುವ, ನಮ್ಮ ಆಸ್ಟ್ರೇಲಿಯಾದ ಫುಟ್‌ಬಾಲ್. ಟಿವಿಯಲ್ಲಿ ನನ್ನ ತಮ್ಮ ಜೋರಿ ಟ್ರೆಗೆಂಜಾನ ಹೆಸರು ಕೇಳಿಬಂದಾಗ, ಯಾರನ್ನೂ ಮುಟ್ಟಿ ಮಾತಾಡಿಸುವ ಅಭ್ಯಾಸವೇ ಇಲ್ಲದ ನಮ್ಮಪ್ಪ ಪಕ್ಕದಲ್ಲಿದ್ದ ಮೀನುಗಾರನ ಬೋಳುತಲೆಗೆ ಮುತ್ತಿಟ್ಟ. ಎಲ್ಲರೂ ಜೋರಿಯನ್ನು ಹುಡುಕಿದರು. ಅವನು ಅಲ್ಲಿರಲೇ ಇಲ್ಲ.

ನಾನು ಮನೆಗೆ ಓಡಿದೆ. ಹಿತ್ತಲಿನ ಶೆಡ್ಡಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ.

“ಲೋ, ಮೆಲ್ಬರ್ನಿನವರು ನಿನ್ನನ್ನ ತಗೊಂಡ್ರು ಕಣೋ!”

“ಒಂದ್ನಿಮಿಷ ಇರೇ ಟ್ಯಾಮ್. ಈಗ ಎದ್ದರೆ ನನ್ನ ಕಡೆಯವರು ನಾಲ್ಕು ಜನ ಸಾಯ್ತಾರೆ.” ಆಮೇಲೆ ಹೆಡ್‌ಫೋನಿನ ಮೈಕಿನೊಳಕ್ಕೆ ಹೇಳಿದ: “ಡ್ಯಾನಿಕಾ, ನಾನು ಮೆಲ್ಬರ್ನಿಗೆ ಹೋಗ್ತೀನಂತೆ.”

ಡ್ಯಾನಿಕಾ ವುಕೊವಿಚ್ ಪರ್ತ್‌ನ ಹುಡುಗಿ. ಐದೈದು ಜನರ ಆ ಕಂಪ್ಯೂಟರ್ ಆಟದಲ್ಲಿ ಸ್ಕೂಲಿನ ದಿನಗಳಿಂದಲೂ ಅವನ ಜೊತೆಗಾತಿ. ಇಬ್ಬರೂ ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ. ಆದರೆ ಸ್ಪೀಕರಿನಿಂದ ಬರುವ ಅವಳ ದನಿ ನಮ್ಮ ಶೆಡ್ಡಿನಲ್ಲಿ ಎಷ್ಟು ರೂಢಿಯಾಗಿತ್ತೆಂದರೆ, ಅಮ್ಮ ಬಟ್ಟೆ ಒಣಗಹಾಕುತ್ತಾ “ಊಟ ಆಯ್ತೇನೇ ಡ್ಯಾನಿಕಾ?” ಎಂದು ಕೂಗಿ ಕೇಳುತ್ತಿದ್ದಳು.

ಮೊದಲೆರಡು ವರ್ಷ ಜೋರಿ ಕ್ಲಬ್ಬಿನ ಎರಡನೆಯ ತಂಡದಲ್ಲೇ ಉಳಿದ. ಮೂರನೆಯ ವರ್ಷ ಮೊದಲ ತಂಡದಲ್ಲಿ, ಗೋಲು ಕಾಯುವ ಹಿಂದಿನ ಸಾಲಿನಲ್ಲಿ ಕಾಯಂ ಜಾಗ ಸಿಕ್ಕಿತು. ಅವನು ಎತ್ತರದವನೂ ಅಲ್ಲ, ಭಾರೀ ಓಟಗಾರನೂ ಅಲ್ಲ. ಆದರೆ ಮೇಲೆ ಬರುವ ಚೆಂಡಿನ ಮೇಲೆಯೇ ಕಣ್ಣಿಟ್ಟು, ಎದುರಿನಿಂದ ಯಾರು ನುಗ್ಗಿ ಬರುತ್ತಿದ್ದಾರೆಂದು ನೋಡದೆ, ಹಿಂದಕ್ಕೆ ಓಡುತ್ತಾ ಜಿಗಿದು ಹಿಡಿಯುತ್ತಿದ್ದ. ಆ ಧೈರ್ಯಕ್ಕೆ ಜನ ಎದ್ದು ನಿಲ್ಲುತ್ತಿದ್ದರು. ಅವನು ಮಾತ್ರ ಅದನ್ನು ಧೈರ್ಯವೆಂದು ಒಪ್ಪುತ್ತಿರಲಿಲ್ಲ. “ಎರಡೂ ಒಂದೇ ಆಟ ಟ್ಯಾಮ್. ಆ ಮನುಷ್ಯ ಎಲ್ಲಿದಾನೆ ಅನ್ನೋದಲ್ಲ, ಎಲ್ಲಿಗೆ ಬರ್ತಾನೆ ಅನ್ನೋದು ಗೊತ್ತಿರ್ಬೇಕು ಅಷ್ಟೆ,” ಎನ್ನುತ್ತಿದ್ದ.

ಅಭ್ಯಾಸ ಮುಗಿದ ಸಂಜೆಗಳಲ್ಲಿ ಅವನೂ ಡ್ಯಾನಿಕಾಳೂ ಆಡುವುದನ್ನು ಸಾವಿರಾರು ಜನ ಇಂಟರ್ನೆಟ್ಟಿನಲ್ಲಿ ನೋಡತೊಡಗಿದರು. ಕ್ಲಬ್ಬು ಗೆದ್ದ ವಾರ ಪತ್ರಿಕೆಗಳಿಗೆ ಅದೊಂದು ಮುದ್ದಾದ ಸುದ್ದಿ. ಸೋತ ವಾರ ಅದೇ ಅಪರಾಧ. ನಾನು ಕೆಲಸ ಮಾಡುವ ಬೇಕರಿಯಲ್ಲಿ ಪೇಸ್ಟಿ ಎಂಬ ಮಾಂಸದ ಕಡುಬುಗಳಿಗೆ ಹೂರಣ ತುಂಬುತ್ತಾ ನಿಂತಿದ್ದಾಗ ರೇಡಿಯೋದಲ್ಲಿ ಯಾರೋ ಫೋನ್ ಮಾಡಿ, “ಆ ಟ್ರೆಗೆಂಜಾನಿಗೆ ಬೆರಳಷ್ಟೇ ಗಟ್ಟಿ ಸ್ವಾಮಿ, ಮಿಕ್ಕಿದ್ದೆಲ್ಲ ಬೆಣ್ಣೆ,” ಎಂದ. ಅಂಗಡಿಯಲ್ಲಿದ್ದ ಒಬ್ಬರು ನನ್ನ ಮುಖ ನೋಡಿ ರೇಡಿಯೋ ಸದ್ದು ತಗ್ಗಿಸಿದರು. ಮುಂದಿನ ಶನಿವಾರ ಮೈದಾನದಲ್ಲಿ ಜೋರಿಯ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ಎದ್ದು ನಿಂತು ತಪ್ಪು ದಿಕ್ಕಿಗೆ ಓಡಿದ.

ಅವನನ್ನು ಕೆಲವು ವಾರ ಆಡಿಸದೆ ಕೂರಿಸಿದರು. ಮರಳಿ ಬಂದ. ಮರುವರ್ಷ ಇನ್ನೊಂದು ಏಟು ಬಿತ್ತು. ಮತ್ತೆ ಕೂರಿಸಿದರು, ಮತ್ತೆ ಪರೀಕ್ಷೆ ಮಾಡಿ ಕಳಿಸಿದರು. ಅಮ್ಮ ಫೋನಿನಲ್ಲಿ ಅತ್ತಾಗ, “ಡಾಕ್ಟ್ರೇ ಸರಿಯಾಗಿದೀಯ ಅಂದ್ರಮ್ಮ, ನೀನು ಅವರಿಗಿಂತ ಜಾಸ್ತಿ ಓದಿದೀಯಾ?” ಎಂದು ನಗಿಸಿದ. ಆಗಲೇ ಸಿಡ್ನಿಯ ಒಂದು ಗೇಮಿಂಗ್ ತಂಡದವರು ಅವನನ್ನೂ ಡ್ಯಾನಿಕಾಳನ್ನೂ ಮಾತಾಡಿಸಿದ್ದರು. ಜೋರಿ ಫುಟ್ಟಿ ಬಿಟ್ಟ ದಿನ ಇಬ್ಬರೂ ಬನ್ನಿ, ಜಾಗ ಇಟ್ಟಿರುತ್ತೇವೆ ಎಂದಿದ್ದರು. ಅಮ್ಮನಿಗೆ ಅದೇ ಸಮಾಧಾನ. ನಮ್ಮ ಕಡೆಯಿಂದ ಹೋದ ಆಟಗಾರರು ಎಷ್ಟೋ ಜನ ಮಂಡಿ ಮುರಿದುಕೊಂಡು ಬಂದು ಸೈಲೋ ಎಂಬ ದೊಡ್ಡ ಕಣಜದಲ್ಲಿ ಗೋಧಿ ತುಂಬುತ್ತಿದ್ದರು. ತನ್ನ ಮಗನಿಗೆ ಕೂತು ಮಾಡುವ ಇನ್ನೊಂದು ವಿದ್ಯೆ ಕೈಯಲ್ಲಿದೆಯೆಂದು ಅವಳು ನಂಬಿದ್ದಳು.

ಎರಡನೆಯ ಏಟಿನ ನಂತರ ಅವನು ಮರಳಿ ಆಡಿದ ಮೊದಲ ಪಂದ್ಯಕ್ಕೆ ನಾನೂ ಅಮ್ಮನೂ ಹೋಗಿದ್ದೆವು. ಗಾಳಿ ಜೋರಾಗಿತ್ತು. ಚೆಂಡು ಎತ್ತರಕ್ಕೆ ಹೋಗಿ ಅಲ್ಲೇ ತೇಲಿದಂತೆ ಕಂಡಿತು. ಜೋರಿ ಕತ್ತೆತ್ತಿಕೊಂಡು ಹಿಂದಕ್ಕೆ ಓಡಿದ. ಎದುರಿನಿಂದ ಬಂದ ಆಳಿಗೂ ಚೆಂಡಿನ ಮೇಲೆಯೇ ಕಣ್ಣು, ಅವನದೇನೂ ತಪ್ಪಿಲ್ಲ. ಅವನ ಭುಜ ಜೋರಿಯ ದವಡೆಗೆ ಬಡಿದ ಸದ್ದು ನಾವು ಕೂತಿದ್ದಲ್ಲಿಗೆ ಕೇಳಿಸಿತು. ಜೋರಿ ಅಂಗಾತ ಬಿದ್ದ. ಮೈಯೆಲ್ಲ ಸಡಿಲವಾಗಿತ್ತು, ಬಲಗೈ ಮಾತ್ರ ಮರಗಟ್ಟಿದ ಹಾಗೆ ನೆಟ್ಟಗೆ ಮೇಲೆದ್ದು ನಿಂತಿತ್ತು.

ಕ್ಲಬ್ಬಿನ ಡಾಕ್ಟರು ಮೈದಾನದೊಳಕ್ಕೆ ಓಡಿದರು.

“ಟ್ಯಾಮ್,” ಎಂದಳು ಅಮ್ಮ ಮೆಲ್ಲಗೆ, “ಅವನು ಕೈ ಯಾಕೆ ಇಳಿಸ್ತಿಲ್ಲ?”

ಆಮೇಲಿನ ದಿನಗಳನ್ನು ಅವನ ಮೆಲ್ಬರ್ನಿನ ಫ್ಲ್ಯಾಟಿನಲ್ಲಿ, ಪರದೆ ಎಳೆದ ಕೋಣೆಯಲ್ಲಿ ಕಳೆದೆವು. ಫ್ರಿಜ್ಜಿನ ಬಾಗಿಲು ತೆಗೆದರೆ ಬರುವ ಬೆಳಕಿಗೂ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ನಾನು ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ, ತಾನಾಗಿಯೇ ಹೇಳಿದ.

“ಆ ಟೆಸ್ಟ್ ನಾನು ಮೋಸದಿಂದ ಪಾಸಾದೆ ಕಣೇ.”

“ಯಾವ ಟೆಸ್ಟು?”

“ಸೀಸನ್ ಶುರುವಾಗೋ ಮುಂಚೆ ಕಂಪ್ಯೂಟರಲ್ಲಿ ನಮ್ಮ ವೇಗ ಅಳೀತಾರೆ. ಬಣ್ಣ ಕಂಡ ತಕ್ಷಣ ಬಟನ್ ಒತ್ತಬೇಕು. ತಲೆಗೆ ಏಟು ಬಿದ್ದ ಮೇಲೆ ಮತ್ತೆ ಅಳೆದು ಎರಡನ್ನೂ ಪಕ್ಕಪಕ್ಕ ಇಡ್ತಾರೆ. ನಾನು ಮೊದಲನೇ ಸಲ ಬೇಕಂತಲೇ ನಿಧಾನ ಒತ್ತಿದೆ. ಬೇರೆಯವರು ಹಾಗೆ ಮಾಡೋಕೆ ಹೋದ್ರೆ ಸಿಕ್ಕಿಬೀಳ್ತಾರೆ. ನನಗೆ ಅಳತೆ ಗೊತ್ತಿತ್ತು, ಯಾರಿಗೂ ಅನುಮಾನ ಬರದಷ್ಟೇ ನಿಧಾನ. ಏಟು ಬಿದ್ದ ಮೇಲೆ ಇದ್ದ ಶಕ್ತಿಯೆಲ್ಲ ಹಾಕಿ ಬೇಗ ಒತ್ತಿದೆ. ಎರಡೂ ಒಂದೇ ಬಂತು.” ಅವನ ತುಟಿಯಲ್ಲಿ ಹಳೆಯ ಹೆಮ್ಮೆಯ ನೆರಳು ಇನ್ನೂ ಇತ್ತು. “ಅವರ ಮೆಷಿನ್ನಿನ ಜೊತೆ ಆಡಿ ಗೆದ್ದೆ.”

ನನಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಬಾರದ ತಲೆ ಅದು. ಬಟ್ಟೆಯನ್ನು ಹಿಂಡಿ ಮತ್ತೆ ಹಾಕಿದೆ.

ಕೊನೆಗೆ ಮಿದುಳಿನ ತಜ್ಞೆಯೊಬ್ಬಳು ಅವನನ್ನು ಕೂರಿಸಿಕೊಂಡು, ಇನ್ನು ಫುಟ್ಟಿ ಆಡುವಂತಿಲ್ಲ ಎಂದಳು. ನಾನು ಪಕ್ಕದಲ್ಲೇ ಇದ್ದೆ. ಜೋರಿ ತಲೆಯಾಡಿಸಿದ.

“ಸರಿ ಡಾಕ್ಟ್ರೇ. ನನಗೆ ಇನ್ನೊಂದು ಕೆಲಸ ಕಾದಿದೆ, ಗೇಮಿಂಗ್ ತಂಡದಲ್ಲಿ.”

ಅವಳು ಪೆನ್ನು ಕೆಳಗಿಟ್ಟಳು. “ಕಂಪ್ಯೂಟರ್ ಪರದೆ ನೋಡಿದ್ರೆ ಈಗ ಏನಾಗತ್ತೆ?”

“ವಾಂತಿ ಬರತ್ತೆ. ಅದು ಹೋಗತ್ತಲ್ವಾ?”

“ಕೆಲವರಿಗೆ ಹೋಗತ್ತೆ ಜೋರಿ. ನಿಮಗೆ ಇಷ್ಟರಲ್ಲಿ ಕಡಿಮೆಯಾಗೋಕೆ ಶುರುವಾಗ್ಬೇಕಿತ್ತು.”

ಅವನನ್ನು ವಾಲರೂಗೆ ಕರೆತಂದೆವು. ದಿನವೂ ಶೆಡ್ಡಿಗೆ ಹೋಗಿ ಕಂಪ್ಯೂಟರ್ ಹಾಕುತ್ತಿದ್ದ. ಕಪ್ಪು ಕನ್ನಡಕ ಹಾಕಿ ನೋಡಿದ, ಬೆಳಕು ಕಡಿಮೆ ಮಾಡಿ ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಅಮ್ಮ ಬಾಗಿಲ ಬಳಿ ಬಕೆಟ್ ಇಟ್ಟು ಬರುತ್ತಿದ್ದಳು. ಸಿಡ್ನಿಯವರು ಸೌಜನ್ಯದಿಂದಲೇ ಕಾದರು, ಆಮೇಲೆ ಅವನ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡರು. ಡ್ಯಾನಿಕಾ ಮಾತ್ರ ಜೋರಿಯಿಲ್ಲದೆ ಸೇರುವುದಿಲ್ಲವೆಂದು ಹಟ ಹಿಡಿದಳು. ಒಂದು ದಿನ ಅಡಿಲೇಡಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ನಮ್ಮ ಬಾಗಿಲಿಗೇ ಬಂದು ನಿಂತಳು.

ದನಿ ಕೇಳಿ ನಾವು ಕಲ್ಪಿಸಿಕೊಂಡದ್ದಕ್ಕಿಂತ ಬಹಳ ಪುಟ್ಟ ಹುಡುಗಿ. ಜೋರಿ ಅವಳನ್ನು ನೋಡಿ, “ಇಷ್ಟೇನಾ ನೀನು?” ಎಂದ.

“ನೀನೇನು ದೊಡ್ಡ ತೆಂಗಿನ ಮರಾನಾ? ಟಿವಿಯಲ್ಲಿ ಉದ್ದ ಕಾಣ್ತಿದ್ದೆ, ಮೋಸಗಾರ,” ಎಂದಳು. ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕ.

ಅವಳ ತಲೆಯಲ್ಲಿ ಒಂದು ಯೋಚನೆಯಿತ್ತು. “ನಾನು ಆಡ್ತೀನಿ, ನೀನು ಗೋಡೆ ಕಡೆ ತಿರುಗಿ ಕೂತ್ಕೋ. ಯಾರು ಎಲ್ಲಿದಾರೆ ಅಂತ ನಾನು ಹೇಳ್ತಾ ಹೋಗ್ತೀನಿ, ಏನು ಮಾಡ್ಬೇಕು ಅಂತ ನೀನು ಹೇಳು. ಕಣ್ಣು ನಂದು, ತಲೆ ನಿಂದು. ತಂಡಗಳಿಗೆ ಕೋಚ್ ಬೇಡ್ವಾ?”

ಶೆಡ್ಡಿನಲ್ಲಿ ಹಾಗೆಯೇ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಮೊದಲು ಜೋರಿ ಮುಂಚಿನ ಜೋರಿಯೇ ಆಗಿದ್ದ. “ಕಾಯಿ. ಇನ್ನೂ ಕಾಯಿ. ಈಗ ಎಡಗಡೆಯಿಂದ ಬರ್ತಾನೆ ನೋಡು.” ಎದುರಾಳಿ ಹಾಗೆಯೇ ಬಂದ. ಡ್ಯಾನಿಕಾ ಕಿರುಚಿದಳು. ಜೋರಿಯ ಬೆನ್ನು ನೆಟ್ಟಗಾಯಿತು. ಅಮ್ಮ ಅಡುಗೆಮನೆಯಿಂದ ಓಡಿಬಂದು ನನ್ನ ಹಿಂದೆ ನಿಂತಳು.

ಸ್ವಲ್ಪ ಹೊತ್ತಿನಲ್ಲೇ ಅವನ ಮಾತು ತಡವರಿಸಿತು. ಹೇಳಿದ್ದನ್ನೇ ಮತ್ತೆ ಹೇಳಿದ. ಎಡವನ್ನು ಬಲವೆಂದ. ಆಟದಲ್ಲಿ ಆಗಲೇ ಸತ್ತುಹೋಗಿದ್ದ ಆಟಗಾರನೊಬ್ಬನನ್ನು ಮುಂದೆ ಕಳಿಸು ಎಂದ. ಆಮೇಲೆ ಯಾರದೋ ಹೆಸರಿಗೆ ಬದಲು ಕ್ಲಬ್ಬಿನ ಹಳೆಯ ಗೆಳೆಯನ ಹೆಸರು ಹೇಳಿದ. ಡ್ಯಾನಿಕಾ ತುಟಿ ಕಚ್ಚಿಕೊಂಡು, ಅವನು ಹೇಳಿದ ಹಾಗೆಯೇ ಮಾಡುತ್ತಾ ಹೋದಳು. “ಭೇಷ್, ಸರಿಯಾಗಿ ಹೇಳಿದೆ,” ಎನ್ನುತ್ತಲೇ ಇದ್ದಳು.

ಜೋರಿ ಗೋಡೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದ.

“ನೀನು ಬೇಕಂತ ಸಾಯ್ತಿದೀಯ.”

“ಇಲ್ಲ ಕಣೋ.”

“ಕಿವಿ ಕೇಳಿಸತ್ತೆ ಡ್ಯಾನಿಕಾ. ನಿನ್ನ ಆಟಗಾರ ಸಾಯೋ ಸದ್ದು ನನಗೆ ಗೊತ್ತಿಲ್ವಾ? ಆರಿಸು ಅದನ್ನ.”

ಅವಳು ಆರಿಸಿದಳು. ಅಳುತ್ತಿದ್ದಳು. ಅವನು ಅಳಲಿಲ್ಲ. ತಲೆನೋವು ಏರಿ ಎರಡೂ ಕೈಗಳಿಂದ ಕಣ್ಣು ಒತ್ತಿಕೊಂಡಿದ್ದ. “ಸಿಡ್ನಿಗೆ ಹೋಗು. ನನ್ನ ಹೆಸರು ಹೇಳ್ಕೊಂಡು ಕೂತರೆ ಇನ್ನು ನಾನು ನಿನ್ನ ಜೊತೆ ಮಾತೇ ಆಡಲ್ಲ,” ಎಂದ.

ಅವಳು ಹೋದಳು. ಮರುವರ್ಷ ಅವಳ ತಂಡ ಮನಿಲಾದ ಪಂದ್ಯದಲ್ಲಿ ಆಡಿದಾಗ ನಾನೂ ಅಮ್ಮನೂ ಅಡುಗೆಮನೆಯಲ್ಲಿ ಫೋನಿನ ಸದ್ದು ತೆಗೆದು ನೋಡಿದೆವು. ಆಟ ನಮಗೆ ಅರ್ಥವಾಗಲಿಲ್ಲ. ಅವಳು ಗೆದ್ದು ಎದ್ದು ನಿಂತದ್ದು ಅರ್ಥವಾಯಿತು. ಅಮ್ಮ ಅದನ್ನು ಜೋರಿಗೆ ಹೇಳಲು ಅವನ ಕೋಣೆಯ ಬಾಗಿಲವರೆಗೆ ಹೋಗಿ, ಹೇಳದೆ ಬಂದಳು.

ಅಪ್ಪ ಸೈಲೋದಲ್ಲಿ ಒಂದು ಕೆಲಸ ಕೊಡಿಸಿದ. ಯಂತ್ರಗಳ ಸದ್ದಿಗೆ ಜೋರಿ ವಾರವೂ ತಾಳಲಿಲ್ಲ. ಊರ ಕ್ಲಬ್ಬಿನವರು ಮಕ್ಕಳಿಗೆ ಕಲಿಸು ಎಂದು ಕರೆದರು. ಮಕ್ಕಳ ಹೆಸರು ನೆನಪಿನಲ್ಲಿ ನಿಲ್ಲದೆ, ಸೀಟಿಯ ಸದ್ದು ತಡೆಯಲಾಗದೆ ಅದನ್ನೂ ಬಿಟ್ಟ. ಡ್ಯಾನಿಕಾ ಈಗಲೂ ಫೋನ್ ಮಾಡುತ್ತಾಳೆ, ಅವನು ಹೂಂ, ಹೂಂ ಎಂದು ಇಡುತ್ತಾನೆ. ಡಾಕ್ಟರು ಕಾಯೋಣ ಎನ್ನುವುದನ್ನೂ ನಿಲ್ಲಿಸಿದ್ದಾರೆ.

ಶನಿವಾರಗಳಲ್ಲಿ ನಮ್ಮ ಮೈದಾನದಲ್ಲಿ ಪಂದ್ಯವಿರುತ್ತದೆ. ಸುತ್ತ ನಿಂತ ಕಾರುಗಳು ಗೋಲಾದಾಗಲೆಲ್ಲ ಹಾರ್ನ್ ಹೊಡೆಯುತ್ತವೆ, ಮನೆಯವರೆಗೂ ಕೇಳುತ್ತದೆ. ಅಮ್ಮ ಎಲ್ಲ ಕಿಟಕಿಗಳನ್ನೂ ಮುಚ್ಚಿ ಕಂಬಳಿ ನೇತುಹಾಕುತ್ತಾಳೆ. ಹೋದ ಶನಿವಾರ ಸಂಜೆ ನಾನು ಚಹಾ ತಂದುಕೊಟ್ಟಾಗ ಜೋರಿ ಕತ್ತಲಲ್ಲಿ ಮಲಗಿದ್ದ.

“ನಮ್ಮವರು ಗೆದ್ರಾ?”

“ಗೆದ್ರು ಕಣೋ.”

ಚಹಾ ಆರುವಷ್ಟರಲ್ಲಿ ನಾನು ಜಾರಿದ್ದ ಕಂಬಳಿಯನ್ನು ಕಿಟಕಿಗೆ ಮತ್ತೆ ಸಿಕ್ಕಿಸಿದೆ. ಆಮೇಲೆ ಅವನು ನನ್ನ ಕಡೆ ತಿರುಗಿದ.

“ಟ್ಯಾಮ್, ಇವತ್ತು ಪಂದ್ಯ ಇತ್ತಾ?”

ಇತ್ತು ಎಂದೆ. ಗೆದ್ದರು ಎಂದು ಮತ್ತೆ ಹೇಳಿದೆ.